ಕೆಂಪು ಗೆರೆಯ ಕೆಳಗಿನ ಹೆಸರು

ಹಳಿಯಾಳ

ಪರದೇಶಕ್ಕೆ ಹೋಗಿ ಬಂದವರೆಲ್ಲ ಹಡಗು ಹತ್ತಿದ್ದನ್ನು ಬರೆಯುತ್ತಾರೆ. ನಾನು ಹತ್ತಿದ್ದು ಅಳ್ನಾವರದಲ್ಲಿ ರೈಲು. ನಾನು ಕಂಡ ಪರದೇಶ ನಮ್ಮ ಹಳಿಯಾಳದಿಂದ ಒಂದು ಹಗಲಿನ ದಾರಿ. ಜೊಯಿಡಾದ ಕಾಡಿನಲ್ಲಿ ಎಮ್ಮೆ ಹುಡುಕುತ್ತ ಹೊರಟವರು ದಾರಿ ತಪ್ಪಿದರೆ ಸಂಜೆಗೆ ಅಲ್ಲಿಯೇ ಇರುತ್ತಾರೆ. ಆದರೂ ಪೋರ್ತುಗೀಜರ ಆ ಗೋವೆಯಲ್ಲಿ ನಾಣ್ಯ ಬೇರೆ, ಬಾವುಟ ಬೇರೆ, ಮಧ್ಯಾಹ್ನವೂ ಬೇರೆ. ಮಧ್ಯಾಹ್ನ ಹೇಗೆ ಬೇರೆಯಾದೀತು ಎಂದು ನಗಬೇಡಿ, ಪಣಜಿಗೆ ಬಂದಾಗ ಹೇಳುತ್ತೇನೆ.

ನನಗೆ ಎರಡು ಚಾಳಿಗಳಿವೆ. ಗಾಡಿ ಅಲುಗಿತೆಂದರೆ ನಿದ್ದೆ ಬರುತ್ತದೆ, ಅಚ್ಚಾದ ಕಾಗದ ಕಂಡಿತೆಂದರೆ ಎಚ್ಚರವಾಗುತ್ತದೆ. ಹೀಗಾಗಿ ಈ ಪ್ರವಾಸದಲ್ಲಿ ಕಣ್ಣಾರೆ ಕಂಡದ್ದೆಷ್ಟು, ಕನಸಿನಲ್ಲಿ ಕಂಡದ್ದೆಷ್ಟು ಎಂದು ಬೇರೆ ಮಾಡಿ ಹೇಳಲಾರೆ. ಎರಡನೆಯ ಚಾಳಿ ಕಸುಬಿನಿಂದ ಬಂದದ್ದು. ಹಳಿಯಾಳದ ಪೇಟೆಯಲ್ಲಿ ನನ್ನದೊಂದು ಕಾಲಿನಿಂದ ತುಳಿಯುವ ಸಣ್ಣ ಛಾಪಖಾನೆ. ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಶಾಲೆಯ ಪರೀಕ್ಷೆಯ ಪ್ರಶ್ನೆಗಳು, ಇಷ್ಟೇ ನನ್ನ ಸಾಹಿತ್ಯ. ನಲವತ್ತೆರಡರ ಚಳವಳಿಯಲ್ಲಿ ಯಾರೋ ತಂದುಕೊಟ್ಟ ಒಂದು ಹಾಳೆ ಅಚ್ಚು ಮಾಡಿದ್ದಕ್ಕೆ ಫೌಜದಾರರು ಬಂದು ಬಾಗಿಲಿಗೆ ಅರಗಿನ ಮುದ್ರೆ ಒತ್ತಿ ಹೋದರು. ಏಳು ತಿಂಗಳು ನನ್ನ ಅಚ್ಚಿನ ಮೊಳೆಗಳು ಒಳಗೆ ಕತ್ತಲಲ್ಲಿ ಮಲಗಿದ್ದವು, ನಾನು ಹೊರಗೆ ಕಟ್ಟೆಯ ಮೇಲೆ ಮಲಗಿದ್ದೆ. ಬಾಗಿಲು ತೆರೆದ ಮೇಲೂ ಅಚ್ಚಿಗೆ ಮೊದಲು ಕರಡನ್ನು ಕಚೇರಿಗೆ ತೋರಿಸಬೇಕೆಂದಾಯಿತು. ಅವರು ಹೊಡೆದುಹಾಕಿದ ಕಡೆ ಜಾಗ ಖಾಲಿ ಬಿಡುವಂತಿಲ್ಲ. ಬಳ್ಳಿಯೋ ನವಿಲೋ ಇಟ್ಟು ತುಂಬಬೇಕು. ಖಾಲಿ ಜಾಗ ಕಂಡರೆ ಓದುವವನು ಯೋಚನೆ ಮಾಡುತ್ತಾನೆ ಎಂಬ ಅಂಜಿಕೆ ಅವರದು. ಆ ಕಾಲದ ನನ್ನ ಅಚ್ಚುಗಳಲ್ಲಿ ನವಿಲುಗಳು ಬಹಳ.

ಇರಲಿ. ಈ ಪ್ರವಾಸ ಅಸಲಿಗೆ ನನ್ನದಲ್ಲ, ನಮ್ಮ ಓಣಿಯ ಗಂಗವ್ವಕ್ಕನದು. ಒಕ್ಕಲುತನದ ಮನೆ, ಬೆಳಗಾದರೆ ಶಿವಪೂಜೆ. ಹಾಡುವುದು ಆಕೆಯ ಕಸುಬಲ್ಲ, ಆದರೆ ಹಳಿಯಾಳದಿಂದ ಮುಂಡಗೋಡದವರೆಗೆ ಯಾರ ಮನೆಯಲ್ಲಿ ಲಗ್ನದ ಅರಿಷಿಣ ಕುಟ್ಟಿದರೂ ಆಕೆಗೆ ಕರೆ ಬರುತ್ತಿತ್ತು. ಆಕೆಯ ತವರಿನ ಕಡೆ ಹೆಸರು ಹಚ್ಚಿ ಹಾಡುವುದೆಂದು ಒಂದು ರೀತಿ ಇದೆ. ಹಾಡಿನ ನಡುವೆ ಮನೆಯವರಲ್ಲಿ ಒಬ್ಬಳ ಹೆಸರು ಹಿಡಿದು ಕರೆಯುತ್ತಾರೆ. ಆ ಹೆಸರಿನವಳು ಅಡಿಗೆಮನೆಯಲ್ಲಿರಲಿ, ಹಿತ್ತಲಲ್ಲಿರಲಿ, ಇದ್ದಲ್ಲಿಂದಲೇ "ಓ" ಎನ್ನಬೇಕು. ಓ ಬರುವತನಕ ಹಾಡುವವಳು ಮುಂದಿನ ಸಾಲಿಗೆ ಹೋಗುವುದಿಲ್ಲ, ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾಳೆ.

ಗಂಗವ್ವಕ್ಕನಿಗೆ ಒಬ್ಬಳೇ ಮಗಳು, ನೀಲವ್ವ. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿದ್ದ ಬೇರೆ ಜಾತಿಯ ಹುಡುಗನೊಡನೆ ಹೊರಟುಹೋಗಿ, ಗೋವೆಯ ಮುರಗಾಂವ ಬಂದರದಲ್ಲಿ ಸಂಸಾರ ಹೂಡಿದಳು. ಎರಡು ವರ್ಷಕ್ಕೆ ತಂದೆ ಹಾಸಿಗೆ ಹಿಡಿದ. ಸಾಯುವ ಮುನ್ನ ಹೆಂಡತಿಯಿಂದ ವಿಭೂತಿ ಮುಟ್ಟಿಸಿ, ಮಗಳ ಮುಖ ನೋಡುವುದಿಲ್ಲವೆಂದು ಆಣೆ ಮಾಡಿಸಿಕೊಂಡ. ಆಮೇಲೆ ಗಂಗವ್ವಕ್ಕ ಆಣೆಯ ಸಂಗತಿಯನ್ನೂ ಹೇಳಿ ನನ್ನಿಂದ ಮಗಳಿಗೆ ಎರಡು ಕಾಗದ ಬರೆಸಿದಳು. ಯುದ್ಧದ ಕಾಲ, ಲಕೋಟೆಗಳನ್ನು ಒಡೆದು ಓದಿ ಮೇಲೆ ಪಟ್ಟಿ ಅಂಟಿಸಿ ಕಳಿಸುತ್ತಿದ್ದರು. ಎರಡಕ್ಕೂ ಉತ್ತರ ಬರಲಿಲ್ಲ.

ಯುದ್ಧ ಮುಗಿದು ವರ್ಷ ದಾಟಿರಬೇಕು. ದಾಂಡೇಲಿಯಲ್ಲಿ ಲಾರಿ ರಿಪೇರಿ ಮಾಡುವ ಹುಸೇನಸಾಬ ನನ್ನ ಛಾಪಖಾನೆಯ ತುಳಿಗಾಲು ಸರಿ ಮಾಡಲು ಬಂದಿದ್ದ. ಹಳಿಯಾಳದಲ್ಲಿದ್ದ ಒಂದೇ ಒಂದು ರೇಡಿಯೋಕ್ಕೂ ಅವನೇ ವೈದ್ಯ.

"ಅಣ್ಣಾರ, ಪಣಜಿಯೊಳಗ ಹೊಸಾ ರೇಡಿಯೋ ಸುರು ಆಗೇತ್ರಿ," ಎಂದ. "ಬಂದರದಾಗ ನಮ್ಮ ಕಡೀ ಕೂಲಿ ಮಂದಿ ಭಾಳ ಅದಾರಲ್ರಿ, ಅವರ ಸಲುವಾಗಿ ಸಂಜೀಮುಂದ ಒಂದ ಕನ್ನಡ ಹಾಡ ಬಿಡತಾರಂತ. ಹಾಡಾವರನ್ನ ಹುಡುಕಾಕ್ಹತ್ತ್ಯಾರ. ನಮ್ಮ ಚಾಚಾನ ಮಗಾ ರಾಜೇಸಾಬ ಅಲ್ಲೇ ಚಾದ ಅಂಗಡಿ ಇಟ್ಟಾನು, ಅವನಂಗಡ್ಯಾಗ ರೇಡಿಯೋ ಐತ್ರಿ. ಇಡೀ ಬಂದರ ಕೇಳ್ತೈತಿ."

ಲಗ್ನದ ಹಾಡು ಬರೆಸಲು ಬಂದಿದ್ದ ಗಂಗವ್ವಕ್ಕ ಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. ಹುಸೇನಸಾಬ ಹೋದ ಮೇಲೂ ಬಹಳ ಹೊತ್ತು ಎದ್ದಿರಲಿಲ್ಲ.

"ತಮ್ಮಾ," ಎಂದಳು, "ಮುಖಾ ನೋಡಬ್ಯಾಡ ಅಂದಾರ. ದನಿ ಕೇಳಸಬ್ಯಾಡ ಅಂದಿಲ್ಲ."

ಮೊಳೆ ಜೋಡಿಸುತ್ತಿದ್ದ ಕೈ ನಿಂತಿತು.

"ನಾ ಪಣಜಿಯೊಳಗ ಹಾಡತೇನಿ. ನೀ ಬಂದರದಾಗ ಅಕಿ ಬಾಜೂಕ ಕೂಡು. ಅಕಿ ಓ ಅಂದ್ಲಂದ್ರ ಕೇಳ್ಕೊಂಡ ಬಂದ ನನಗ ಹೇಳು. ಅಷ್ಟಾದ್ರ ಸಾಕಪಾ ಈ ಜೀವಕ್ಕ."

ಕುಳೆಯ ನಾಕೆ

ಹುಸೇನಸಾಬ ರಾಜೇಸಾಬನಿಂದ ರೇಡಿಯೋದವರಿಗೆ ಹೇಳಿಸಿ ಹಾಡಿನ ದಿನ ಗೊತ್ತುಮಾಡಿಸಿದ. ಕ್ಯಾಸಲ್‌ರಾಕ್ ದಾಟಿದ ಮೇಲೆ ಗಾಡಿ ಘಟ್ಟವನ್ನು ಇಳಿಯುವುದಿಲ್ಲ, ಬಿಸಿ ಹಾಲಿನ ಪಾತ್ರೆ ಹಿಡಿದವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತದೆ. ನಾನು ಮಲಗಿದೆ. ಎಚ್ಚರವಾದಾಗ ಕಿಟಕಿಯ ತುಂಬ ಬಿಳಿ. ಮಂಜೋ, ದೂಧಸಾಗರದ ನೀರೋ, ಇನ್ನೂ ಮುಗಿಯದ ನಿದ್ದೆಯೋ ತಿಳಿಯದು. ಆ ಬಿಳಿಯ ಒಳಗಿನಿಂದ ಗಂಗವ್ವಕ್ಕನ ಗುನುಗು ಮಾತ್ರ ಕೇಳುತ್ತಿತ್ತು. ಸುರಂಗ ಬಂದಾಗ ಗುನುಗು ದೊಡ್ಡದಾಗುವುದು, ಹೊರಗೆ ಬಂದಾಗ ಸಣ್ಣದಾಗುವುದು. ನಾನು ಮತ್ತೆ ಕಣ್ಣು ಮುಚ್ಚಿದೆ.

ಕುಳೆಯಲ್ಲಿ, ಗೋವೆಯ ಗಡಿಯ ಸುಂಕದ ನಾಕೆಯಲ್ಲಿ, ಎಲ್ಲರನ್ನೂ ಇಳಿಸಿ ಗಂಟು ಬಿಚ್ಚಿಸಿದರು. ನಮ್ಮ ಗಂಟಿನಲ್ಲಿದ್ದದ್ದು ಎರಡು ಸೀರೆ, ಒಂದು ಧೋತರ, ಜೋಳದ ರೊಟ್ಟಿ, ಶೇಂಗಾ ಹಿಂಡಿ. ನಾಕೆಯ ಸಾಹೇಬನಿಗೆ ಸೀರೆ ಬೇಕಾಗಿರಲಿಲ್ಲ. ರೊಟ್ಟಿಯ ಗಂಟನ್ನು ಕಂಡದ್ದೇ ಅವನ ಹುಬ್ಬು ಮೇಲೇರಿತು. ಗಂಗವ್ವಕ್ಕ ರೊಟ್ಟಿಗಳನ್ನು ಧಾರವಾಡದ ಒಂದು ಹಳೆಯ ವಾರಪತ್ರಿಕೆಯಲ್ಲಿ ಸುತ್ತಿದ್ದಳು. ಅಚ್ಚಾದ ಕಾಗದ ಅಪ್ಪಣೆಯಿಲ್ಲದೆ ಒಳಗೆ ಹೋಗುವಂತಿಲ್ಲವಂತೆ. ಅವನು ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಬಿಡಿಸಿ, ಎಣ್ಣೆಯ ಕಲೆ ಬಿದ್ದ ತಲೆನೋವಿನ ಔಷಧದ ಜಾಹೀರಾತನ್ನು ಬೆಳಕಿಗೆ ಹಿಡಿದು ನೋಡಿ, ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದ. ನಮಗೊಂದು ರಸೀದಿ ಕೊಟ್ಟ. ರೊಟ್ಟಿಗಳು ಮೇಜಿನ ಮೇಲೆ ಬರೀ ಮೈಯಲ್ಲಿ ಕೂತಿದ್ದವು. ಆಮೇಲೆ ನನ್ನ ಉಗುರುಗಳಲ್ಲಿದ್ದ ಮಸಿ ನೋಡಿ ಏನೋ ಕೇಳಿದ. ಜೊಯಿಡಾದ ಕಡೆಯವರಿಂದ ಕಲಿತ ನನ್ನ ನಾಲ್ಕು ಕೊಂಕಣಿ ಮಾತುಗಳಲ್ಲಿ ಛಾಪಖಾನೆಗೆ ಮಾತಿರಲಿಲ್ಲ, ಅದೇ ಒಳ್ಳೆಯದಾಯಿತು. ಬಾವಿಯಿಂದ ನೀರು ಸೇದುವವನ ಹಾಗೆ ಕೈ ಆಡಿಸಿ ತೋರಿಸಿದೆ. ಅವನು ನಂಬಿದನೋ, ಬೇಸತ್ತನೋ, ಬಿಟ್ಟ.

"ಹಳೇ ಸುದ್ದಿ ಹಿಡದ ಇಟ್ಕೊಂಡ, ಜ್ವಾಳದ ರೊಟ್ಟಿ ಬಿಟ್ಟ ನೋಡು," ಎಂದಳು ಗಂಗವ್ವಕ್ಕ ಗಾಡಿ ಹತ್ತುತ್ತ. "ಹೊಟ್ಟಿ ತುಂಬಿದಾವ ಇರಬೇಕು."

ಗಾಡಿಯ ಕೊನೆಯ ಠಾಣೆಯೇ ಮುರಗಾಂವ ಬಂದರ. ಪಣಜಿಗೆ ಅಲ್ಲಿಂದ ಲಾಂಚು. ಠಾಣೆ ಬರುವ ಮೊದಲೇ ಗಂಗವ್ವಕ್ಕ ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ನಾನು ಕೈ ಹಿಡಿದು ನಡೆಸಿದೆ. ಸುತ್ತ ಕ್ರೇನುಗಳ ಕಿರುಗುಟ್ಟುವಿಕೆ, ಒದ್ದೆ ಹಗ್ಗದ ವಾಸನೆ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರ ಸಾಲು. ಆ ಸಾಲಿನಿಂದ ನಮ್ಮ ಕಡೆಯ ಕನ್ನಡ ಕೇಳಿಬಂದಾಗ ಗಂಗವ್ವಕ್ಕನ ಕೈ ಬಿಗಿಯಾಯಿತು.

"ಇಲ್ಲೆ ಏನ ತಮ್ಮಾ?"

"ಇಲ್ಲೇ ಎಲ್ಲೋ ಇರ್ಬೇಕ್ರಿ ಅಕ್ಕಾರ."

"ಲಗೂ ನಡಿ," ಎಂದಳು. ಆದರೆ ತಾನೇ ಮೆಲ್ಲಗೆ ನಡೆದಳು.

ಪಣಜಿಯ ಮಧ್ಯಾಹ್ನ

ಲಾಂಚಿನಲ್ಲಿ ನಾನು ಮಾಡಿಕೊಂಡ ವಾಂತಿಯ ವಿಷಯ ಬೇಡ. ಒಬ್ಬ ಮುದುಕಿ ತನ್ನ ಬುಟ್ಟಿಯಿಂದ ಲಿಂಬೆಹಣ್ಣು ತೆಗೆದು ನನ್ನ ಮೂಗಿಗೆ ಹಿಡಿದು, ದಡ ಬರುವವರೆಗೂ ಬೈಯುತ್ತ ಬೆನ್ನು ಸವರಿದಳು. ಯಾವ ಭಾಷೆಯ ಬೈಗುಳವೋ ತಿಳಿಯಲಿಲ್ಲ. ತಾಯಿ ನೆನಪಾದಳು.

ಪಣಜಿಯಲ್ಲಿ ಮಧ್ಯಾಹ್ನ ಊರೇ ಮಲಗುತ್ತದೆ. ಉತ್ಪ್ರೇಕ್ಷೆಯಲ್ಲ. ನಮ್ಮಲ್ಲಿಯೂ ಉಂಡವರು ಅಡ್ಡಾಗುತ್ತಾರೆ, ಆದರೆ ಅಂಗಡಿಯ ಬಾಗಿಲಲ್ಲಿ ಒಂದು ಕಾಲು ಚಾಚಿಯಾದರೂ ಇರುತ್ತಾರೆ. ಅಲ್ಲಿ ಹಾಗಲ್ಲ. ಅಂಗಡಿ, ಕಚೇರಿ, ಔಷಧದ ದುಕಾನು, ಎಲ್ಲದರ ಬಾಗಿಲು ಮುಚ್ಚಿ ಚಿಲಕ. ಕಿಟಕಿಗಳಿಗೆ ಗಾಜಿನ ಬದಲು ಚಿಪ್ಪುಗಳನ್ನು ತೆಳ್ಳಗೆ ಮಾಡಿ ಕೂರಿಸಿರುತ್ತಾರೆ. ಬಿಸಿಲು ಅದರ ಮೇಲೆ ಬಿದ್ದು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಹಳಿಯಾಳದ ಪೇಟೆಯಲ್ಲಿ ಹಾಡುಹಗಲು ಬಾಗಿಲು ಮುಚ್ಚಿದ್ದರೆ ಒಳಗೆ ಯಾರೋ ಸತ್ತಿರಬೇಕು, ಇಲ್ಲವೇ ಫೌಜದಾರರು ಮುದ್ರೆ ಒತ್ತಿರಬೇಕು. ನಾನು ಮೊದಲ ಹತ್ತು ಹೆಜ್ಜೆ ಹೆದರಿಕೊಂಡೇ ನಡೆದೆ.

ಆಮೇಲೆ ಹೆದರಿಕೆ ಹೋಯಿತು. ಬೀದಿಯಲ್ಲಿ ನಮ್ಮಿಬ್ಬರ ಹೆಜ್ಜೆಯ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಬೆಕ್ಕು ಕೂಡ ನಮ್ಮನ್ನು ನೋಡಿ, ಏಳುವಷ್ಟು ದೊಡ್ಡ ವಿಷಯವಲ್ಲವೆಂದು ಮತ್ತೆ ಕಣ್ಣು ಮುಚ್ಚಿತು. ಹಳದಿ ಗೋಡೆ, ನೀಲಿ ಗೋಡೆ, ಮತ್ತೆ ಹಳದಿ. ಎಲ್ಲೋ ಮನೆಯೊಳಗೆ ಯಾರೋ ಪಿಯಾನೋ ಬಾರಿಸುತ್ತ ಬಾರಿಸುತ್ತ ನಿದ್ದೆಹೋದರು, ಸ್ವರ ಅರ್ಧಕ್ಕೆ ನಿಂತಿತು. ಗಂಗವ್ವಕ್ಕ ತಲೆ ಮೇಲಿನ ಸೆರಗು ಸರಿಸಿ ಗಾಳಿಗೆ ಮುಖ ಕೊಟ್ಟಳು.

"ಇಂಥಾ ಊರಾಗ ಯಾರರೆ ಯಾರನ್ನರೆ ಯಾಕ ಕಾಯತಾರ ತಮ್ಮಾ?" ಎಂದಳು.

ರೇಡಿಯೋದಲ್ಲಿ ಹಾಡುವ ಮೊದಲು ನಮ್ಮ ಹಾಡಿನ ಕಾಗದ ನೋಡಬೇಕಾದ ಅಧಿಕಾರಿಯೂ ಮಲಗಿದ್ದರು. ಕಚೇರಿಯ ಮೆಟ್ಟಿಲ ಮೇಲೆ ನಾವೂ ಗೋಡೆಗೊರಗಿದೆವು. ನನ್ನ ಕನಸಿನಲ್ಲಿ ನವಿಲುಗಳು ಬಂದವು, ಒಂದರ ಹಿಂದೊಂದು, ಚಿಪ್ಪಿನ ಕಿಟಕಿಗಳಿಂದ ಇಳಿದು ಬೀದಿ ತುಂಬಿದವು. ಯಾರೋ ಭುಜ ಅಲುಗಿಸಿದರು. ಕೋಟು ತೊಟ್ಟ ಒಬ್ಬ ಗೋವೆಯ ಕಾರಕೂನ, ನಗುತ್ತ, ಒಳಗೆ ಬನ್ನಿ ಎಂದ.

ಕೆಂಪು ಪೆನ್ಸಿಲ್

ಅಧಿಕಾರಿ ಮುದುಕರು, ಬಹಳ ಮರ್ಯಾದೆಯವರು. ಗಂಗವ್ವಕ್ಕ ಒಳಗೆ ಬಂದಾಗ ಎದ್ದು ನಿಂತರು. ನಮ್ಮ ಮಾಮಲೇದಾರರು ಯಾರಿಗಾಗಿಯೂ ಎದ್ದದ್ದನ್ನು ನಾನು ಕಂಡಿಲ್ಲ. ಮೇಜಿನ ಮೇಲೆ ಒಂದು ಮುದ್ರೆ, ಒಂದು ಕೆಂಪು ಪೆನ್ಸಿಲ್, ಕಸದ ಬುಟ್ಟಿ. ಗಾಳಿಯಲ್ಲಿ ಹೋಗುವ ಒಂದೊಂದು ಮಾತೂ ಮೊದಲು ಈ ಮೇಜಿನ ಮೇಲೆ ಹಾಯಬೇಕಂತೆ.

ನಾನು ದೊಡ್ಡ ಅಕ್ಷರದಲ್ಲಿ ಬರೆದು ತಂದಿದ್ದ ಹಾಡನ್ನು ಮುಂದಿಟ್ಟೆ. ನಾನು ಮರಾಠಿಯಲ್ಲಿ ಹೇಳುವುದು, ಕಾರಕೂನ ಅದನ್ನು ಪೋರ್ತುಗೀಜಿಗೆ ತಿರುಗಿಸುವುದು. ಹಾಡಿನ ಮೊದಲ ಸಾಲುಗಳು ಇವು:

ಬಾವಿ ಕಟ್ಟಿ ಮ್ಯಾಲ ಕೊಡ ತುಂಬಿ ಇಟ್ಟೇನಿ
ಎಲ್ಲಿದ್ದಿ ನನ್ನ ನೀಲವ್ವಾ.
ನೀ ಇದ್ದಲ್ಲೆ ಇರು ಕೂಸ, ನಾ ಬರ್ತೇನಿ.

ಅಧಿಕಾರಿ ಕನ್ನಡಕ ಒರೆಸಿಕೊಂಡರು. ಬಾವಿ ಯಾವ ಊರಿನದು? ಕೊಡದಲ್ಲಿರುವುದು ನೀರೇ ತಾನೇ? ಬರುತ್ತೇನೆ ಎನ್ನುವವರು ಯಾವ ದಾರಿಯಿಂದ, ಎಂದು ಬರುತ್ತಾರೆ?

"ಹಾಡಿನಲ್ಲಿ ಬರುತ್ತಾಳೆ, ದಾರಿಯಲ್ಲಿ ಬರುವುದಿಲ್ಲ ಎಂದು ಹೇಳಿ," ಎಂದೆ ಕಾರಕೂನನಿಗೆ. ಅವನು ಏನು ಹೇಳಿದನೋ, ಮುದುಕರು ತಲೆಯಾಡಿಸಿದರು.

ಒಮ್ಮೆ ಹಾಡಲಿ ಎಂದರು. ಗಂಗವ್ವಕ್ಕ ಕಣ್ಣು ಮುಚ್ಚಿ ಎತ್ತಿಕೊಂಡಳು. ಅರಿಷಿಣ ಕುಟ್ಟುವ ಮನೆಯಲ್ಲಿ ಕೇಳಿದ ದನಿಯೇ, ಆದರೆ ಆ ದೊಡ್ಡ ಸುಣ್ಣದ ಕೋಣೆಯಲ್ಲಿ ಅದು ಬೇರೆ ಎಲ್ಲಿಂದಲೋ ಬಂದ ಹಾಗಿತ್ತು. ಎಲ್ಲಿದ್ದಿ ನನ್ನ ನೀಲವ್ವಾ ಎಂದು ಕರೆದು ನಿಲ್ಲಿಸಿದಳು. ಒಂದು ಸುತ್ತು ಬರೀ ರಾಗ ಗುನುಗಿ ಮತ್ತೆ ಅದೇ ಸಾಲು ಹಾಡಿದಳು. ಮತ್ತೆ ಅದೇ. ಅಧಿಕಾರಿಯ ಪೆನ್ಸಿಲ್ ಅಂಚಿನಲ್ಲಿ ಎಣಿಕೆಯ ಗೀಟು ಹಾಕುತ್ತಿತ್ತು. ಐದನೆಯ ಸಲ ನನಗೆ ತಡೆಯಲಾಗಲಿಲ್ಲ. ಓ ಬಾರದೆ ಆಕೆ ಮುಂದೆ ಹೋಗುವವಳಲ್ಲ.

"ಓ," ಎಂದೆ ಮೂಲೆಯಿಂದ.

ಮುದುಕರು ಕುರ್ಚಿಯಲ್ಲಿ ಬೆಚ್ಚಿದರು. ಕಾರಕೂನ ಬರೆದಿಟ್ಟ ತರ್ಜುಮೆಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದರು. ಈ ಓ ಬರಹದಲ್ಲಿ ಇಲ್ಲ! ಇದನ್ನು ಯಾರು ಹೇಳಿದರು, ಯಾಕೆ ಹೇಳಿದರು, ನಾಳೆ ಹಾಡುವಾಗ ಇದನ್ನು ಹೇಳುವವರು ಎಲ್ಲಿರುತ್ತಾರೆ?

ಸುಳ್ಳು ಹೇಳಲು ಬಾರದ ಗಂಗವ್ವಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. "ನೀಲವ್ವ ನನ್ನ ಮಗಳರಿ. ಬಂದರದಾಗ ಅದಾಳ. ಅಕಿ ಓ ಅಂತಾಳರಿ."

ಇಷ್ಟು ಕನ್ನಡ ಕಾರಕೂನನಿಗೂ ತಿಳಿಯುತ್ತಿತ್ತು. ಅದನ್ನು ತಿರುಗಿಸುವಾಗ ಅವನ ಮುಖ ಬಾಡಿತು. ಅಧಿಕಾರಿ ಹಾಡಿನ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಗಾಳಿಯ ಮೇಲೆ ಒಬ್ಬರು ಒಬ್ಬರಿಗೆ ಖಾಸಗಿ ಸುದ್ದಿ ಕಳಿಸುವಂತಿಲ್ಲ, ಹೆಸರು ಹಿಡಿದು ಯಾರನ್ನೂ ಕರೆಯುವಂತಿಲ್ಲ, ಯುದ್ಧದಲ್ಲಿ ಮಾಡಿದ ಕಾನೂನು, ಇನ್ನೂ ತೆಗೆದಿಲ್ಲ, ಎಂದರು. ಹೇಳಿ, ಹೆಸರು ಎಲ್ಲಿದೆಯೆಂದು ನನ್ನಿಂದಲೇ ತೋರಿಸಿಕೊಂಡು, ಕೆಂಪು ಪೆನ್ಸಿಲಿನಿಂದ ನೀಲವ್ವ ಎಂಬ ಮೂರಕ್ಷರದ ಮೇಲೆ ಗೆರೆ ಎಳೆದರು. ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು.

ಗಂಗವ್ವಕ್ಕನಿಗೆ ಓದು ಬಾರದು. ಆದರೆ ಗೆರೆ ಎಲ್ಲಿ ಬಿತ್ತೆಂದು ತಿಳಿಯಿತು.

"ಹೆಸರ ಬ್ಯಾಡಂದ್ರ ಬಿಡ್ರಿ," ಎಂದಳು ಮೆಲ್ಲಗೆ. "ಆ ಜಾಗಾ ಸುಮ್ನ ಬಿಟ್ಟ ಮುಂದ ಹೊಕ್ಕೇನಿ."

ಅದೂ ಆಗುವುದಿಲ್ಲವಂತೆ. ಸುಮ್ಮನೆ ಬಿಟ್ಟರೆ ಅಲ್ಲೇನೋ ಇತ್ತೆಂದು ಕೇಳುವವರಿಗೆ ಗೊತ್ತಾಗುತ್ತದೆ. ಬೇರೆ ಮಾತು ಹಾಕಿ ತುಂಬಬೇಕು. ನನಗೆ ಒಮ್ಮೆಲೇ ನಮ್ಮೂರ ಕಚೇರಿಯಲ್ಲೇ ಕೂತ ಹಾಗಾಯಿತು. ಎಷ್ಟು ದೂರ ಬಂದು, ಎಷ್ಟು ವಾಂತಿ ಮಾಡಿಕೊಂಡು, ಕೊನೆಗೆ ಅದೇ ನವಿಲು! ಸಿಟ್ಟು ಬಂತು. ನುಂಗಿಕೊಂಡೆ. ನುಂಗುವುದು ನನಗೆ ರೂಢಿಯಾಗಿದೆ, ಅದಕ್ಕಾಗಿ ನಾಚಿಕೆಯೂ ಇದೆ.

ಗಂಗವ್ವಕ್ಕ ಯೋಚಿಸಿದಳು. "ಮಗಳಾ ಅಂತ ಹಾಕ್ರಿ," ಎಂದಳು.

ಅಧಿಕಾರಿಗೆ ಸಂತೋಷವಾಯಿತು. ಮಗಳು ಹೆಸರಲ್ಲ, ಎಲ್ಲರ ಮನೆಯಲ್ಲೂ ಇರುತ್ತಾಳೆ. ಸಾಲನ್ನು ಮೂರು ಸಲ ಮಾತ್ರ ಹಾಡಬಹುದು, ಯಾರು ಓ ಎಂದರೂ ಎನ್ನದಿದ್ದರೂ ಆಮೇಲೆ ಮುಂದೆ ಹೋಗಬೇಕು. ನಾನು ಶುದ್ಧ ಪ್ರತಿ ಬರೆದೆ, ಮುದ್ರೆ ಬಿತ್ತು. ಗೆರೆ ಎಳೆದ ಹಳೆಯ ಹಾಳೆಯನ್ನು ಅವರು ಬುಟ್ಟಿಗೆ ಹಾಕಿದರು. ಕರಡನ್ನು ಎಸೆಯುವುದು ನಮ್ಮ ಕಸುಬಿನಲ್ಲಿಲ್ಲ. ಎದ್ದು ಬರುವಾಗ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಅಧಿಕಾರಿ ಕಂಡರು, ಕಂಡೂ ಕನ್ನಡಕ ಒರೆಸುತ್ತ ಕಿಟಕಿಯ ಕಡೆ ತಿರುಗಿದರು.

ಮೆಟ್ಟಿಲಿಳಿಯುವಾಗ ಗಂಗವ್ವಕ್ಕ ಅಂದಳು: "ಹೆಸರಿಲ್ಲದ ಹಾಡು ಅಕಿಗೆ ಹೆಂಗ ಮುಟ್ಟತೈತಿ ತಮ್ಮಾ? ಹಟಮಾರಿ ಅದಾಳ. ಸಣ್ಣಾಕಿ ಇದ್ದಾಗ ಕೂಸ ಅನ್ಲಿ, ಬಂಗಾರಾ ಅನ್ಲಿ, ಓ ಅಂತಿದ್ದಿಲ್ಲ. ಹೆಸರ ಹಿಡದ ಕರದ್ರಷ್ಟ ಓ ಅಂತಿದ್ಲು."

ಬಂದರದ ಚಹಾದ ಅಂಗಡಿ

ಮರುದಿನ ಗಂಗವ್ವಕ್ಕನನ್ನು ಆ ಕಾರಕೂನನ ಮನೆಯ ಹೆಂಗಸರ ಜೊತೆ ಬಿಟ್ಟು ನಾನೊಬ್ಬನೇ ಲಾಂಚು ಹತ್ತಿದೆ. ಸಂಜೆ ಬಂದರಕ್ಕೆ ಬಂದಾಗ ನೀರಿನ ಮೇಲೆ ಬಿಸಿಲು ತೆಳ್ಳಗೆ ಹರಡಿತ್ತು. ಹಡಗುಗಳು ನಿಂತಿದ್ದವೋ ತೇಲಿದ್ದವೋ ತಿಳಿಯುತ್ತಿರಲಿಲ್ಲ. ಸದ್ದೆಲ್ಲ ದೂರದಿಂದ ಬರುತ್ತಿತ್ತು, ಹತ್ತಿರದ್ದೂ ಕೂಡ.

ರಾಜೇಸಾಬನ ಅಂಗಡಿಯಲ್ಲಿ ರೇಡಿಯೋವನ್ನು ಎತ್ತರದ ಹಲಗೆಯ ಮೇಲಿಟ್ಟು ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದರು. ಕೆಲಸ ಬಿಟ್ಟ ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೇ ಕೂತಿದ್ದರು. ಗದಗಿನ ಕಡೆಯವರು, ವಿಜಾಪುರದ ಕಡೆಯವರು, ಏಳೆಂಟು ಮಂದಿ. ಊರು ಬಿಟ್ಟು ಎಷ್ಟು ವರ್ಷವಾಯಿತೆಂದು ಕೇಳಿದರೆ ಬೆರಳು ಮಡಿಚುತ್ತ ಮಡಿಚುತ್ತ ನಡುವೆ ನಿಲ್ಲಿಸಿಬಿಡುತ್ತಿದ್ದರು.

ನೀಲವ್ವ ಬಂದಳು. ರಾಜೇಸಾಬ ಹೇಳಿ ಕಳಿಸಿದ್ದ. ತಾಯಿಯದೇ ಹಣೆ, ತಾಯಿಯದೇ ಗದ್ದ. ಕೂಡು ಎಂದರೆ ಕೂಡಲಿಲ್ಲ, ಕಂಬಕ್ಕೆ ಒರಗಿ ನಿಂತಳು.

"ಕಾಗದಾ ಬರದಾವರು ನೀವ ಏನ್ರಿ?" ಎಂದಳು.

"ನಾನಽ. ಉತ್ತರಾ ಬರಲಿಲ್ಲ."

"ಕಾಗದಾ ಯಾರ ಬೇಕಾದ್ರೂ ಬರೀತಾರ. ನಮ್ಮವ್ವಗ ಬರಿಯಾಕ ಬರೂದಿಲ್ಲ. ಅದು ಅವ್ವನ ಮಾತು ಅಂತ ನಾ ಹೆಂಗ ನಂಬ್ಲಿ?"

"ಇವತ್ತ ಅಕಿ ದನೀನಽ ಬರ್ತೈತಿ. ಕೇಳು."

ಯಾರೋ ಪೋರ್ತುಗೀಜಿನಲ್ಲಿ ಏನೋ ಓದಿದರು, ಕೊಂಕಣಿಯಲ್ಲಿ ಏನೋ ಓದಿದರು. ಒಂದು ಚಿಟಿಚಿಟಿ ಸದ್ದು. ಆಮೇಲೆ, ಅಷ್ಟು ಅಗಲದ ನೀರು ದಾಟಿ, ನಮ್ಮ ಓಣಿಯ ದನಿ.

ಬಾವಿ ಕಟ್ಟಿ ಮ್ಯಾಲ ಕೊಡ ತುಂಬಿ ಇಟ್ಟೇನಿ. ನೀಲವ್ವನ ಕೈ ಕಂಬವನ್ನು ಹಿಡಿಯಿತು. ಎಲ್ಲಿದ್ದಿ ನನ್ನ ಮಗಳಾ.

"ಓ," ಎಂದಳು ಬುಟ್ಟಿಯ ಮೇಲೆ ಕೂತಿದ್ದ ಒಬ್ಬ ಮುದುಕಿ. ಆಕೆಗೆ ಅರವತ್ತಾದರೂ ಆಗಿರಬೇಕು. ಅಂದು ತಾನೇ ನಾಚಿ ಬಾಯಿಗೆ ಸೆರಗು ಹಿಡಿದಳು. ಅವಳ ಹಿಂದೆಯೇ ಇನ್ನೊಬ್ಬಳು ಓ ಎಂದಳು, ಮತ್ತೊಬ್ಬಳು. ಯಾರೂ ನಗಲಿಲ್ಲ.

ನೀಲವ್ವ ತುಟಿ ಬಿಚ್ಚಲಿಲ್ಲ. ರೇಡಿಯೋ ರಾಗ ಗುನುಗಿ ಎರಡನೆಯ ಸಲ ಕರೆಯಿತು. ಎಲ್ಲಿದ್ದಿ ನನ್ನ ಮಗಳಾ. ಈ ಸಲ ಎಲ್ಲ ಬುಟ್ಟಿಗಳಿಂದಲೂ ಓ ಬಂತು. ನೀಲವ್ವನ ಕಣ್ಣಿನಲ್ಲಿ ನೀರು ಬಂತು, ಓ ಬರಲಿಲ್ಲ.

"ಅವ್ವನಽ ಹಾಡ್ಯಾಳರಿ, ಖರೆ," ಎಂದಳು ನನಗೆ. "ನನಗ ಹಾಡಿಲ್ಲ. ನನ್ನ ಹೆಸರ ತಗದ ಹಾಕ್ಯಾಳ. ಅಪ್ಪ ಹೇಳಿದ್ದನ್ನ ಅಕಿ ಮಾಡ್ಯಾಳ."

ಇನ್ನೊಂದೇ ಸಲ ಉಳಿದಿದೆ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಏನು ಹೇಳಿದರೂ ನಂಬುವವಳಲ್ಲ. ಆಗ ಜೇಬು ನೆನಪಾಯಿತು. ಹಾಳೆ ತೆಗೆದು ಅವಳ ಮುಂದೆ ಬಿಡಿಸಿ ಹಿಡಿದೆ. ಹಳಿಯಾಳದ ಶಾಲೆಯಲ್ಲಿ ಎರಡನೇ ಇಯತ್ತೆಯ ತನಕ ಕಲಿತವಳು. ಬೆರಳಿಟ್ಟು, ಕೆಂಪು ಗೆರೆಯ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನೀ. ಲ. ವ್ವ.

"ಇದನ್ನ ಯಾರ ಹೊಡದಾರ?"

"ಸರಕಾರದಾವರು."

"ಅವ್ವ ಅಲ್ಲ?"

"ಅವ್ವ ಅಲ್ಲವಾ. ಅವ್ವ ಇದನ್ನ ಬರಿಸಿದಾಕಿ."

ರೇಡಿಯೋ ಮೂರನೆಯ ಸಲ ಎತ್ತಿಕೊಂಡಿತು. ಹಾಳೆಯ ಮೇಲಿನ ಬೆರಳು ತೆಗೆಯದೆ, ತಲೆಯೆತ್ತಿ, ಆ ಹಲಗೆಯ ಕಡೆ ನೋಡುತ್ತ ನಿಂತಳು. ಎಲ್ಲಿದ್ದಿ ನನ್ನ ಮಗಳಾ.

"ಓ," ಎಂದಳು ನೀಲವ್ವ. ಜೋರಾಗಿ ಅಂದಳು. ಹೊರಗೆ ಹಗ್ಗ ಸುತ್ತುತ್ತಿದ್ದವರು ತಿರುಗಿ ನೋಡಿದರು. ಬೇರೆ ಯಾರೂ ಈ ಸಲ ಓ ಎನ್ನಲಿಲ್ಲ, ಅವಳಿಗೆ ಬಿಟ್ಟುಕೊಟ್ಟರು.

ನೀ ಇದ್ದಲ್ಲೆ ಇರು ಕೂಸ, ನಾ ಬರ್ತೇನಿ ಎಂದು ರೇಡಿಯೋ ಮುಂದೆ ಹೋಯಿತು.

ಹಾಡು ಮುಗಿದ ಮೇಲೆ ಹಾಳೆ ನನಗಿರಲಿ ಎಂದು ಕೇಳಿದಳು. ಕೊಟ್ಟೆ. ತಾಯಿ ನಾಳೆ ಮುಂಜಾನೆ ಇದೇ ಬಂದರದಿಂದ ಗಾಡಿ ಹತ್ತುತ್ತಾಳೆಂದು ಹೇಳಿದೆ. ಅದನ್ನು ಹೇಳಬೇಕಿತ್ತೋ ಬಾರದಿತ್ತೋ ಎಂದು ರಾಜೇಸಾಬನ ಅಂಗಡಿಯ ಬೆಂಚಿನ ಮೇಲೆ ನಿದ್ದೆ ಬರುವತನಕ ಯೋಚಿಸಿದೆ.

ಮರಳುವ ಗಾಡಿ

ಮೊದಲ ಲಾಂಚಿನಲ್ಲಿ ಬಂದ ಗಂಗವ್ವಕ್ಕ ಸೆರಗನ್ನು ಮತ್ತೆ ಗದ್ದದವರೆಗೆ ಎಳೆದುಕೊಂಡೇ ಇಳಿದಳು. ನನ್ನ ದನಿ ಕೇಳಿ ಕೈ ಚಾಚಿದಳು.

"ಅಂದ್ಲೇನ ತಮ್ಮಾ?"

"ಅಂದ್ಲರಿ ಅಕ್ಕಾರ. ಮೂರನೇ ಸಲಕ್ಕ."

"ಮೂರನೇದಕ್ಕ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಹಾಡೂ ಕ್ವಾಣ್ಯಾಗ ಗಾಜಿನ ಆಚೀ ಕಡೀ ಆ ಮುದುಕ ಸಾಹೇಬ ಮೂರ ಬೆರಳ ಎತ್ತಿದ. ಮುಂದ ಹೋಗೂ ಮುಂದ ಎದಿ ಒಡದಂಗಾತು. ಓ ಇಲ್ಲದ ನಾ ಎಂದೂ ಮುಂದ ಹೋದಾಕಿ ಅಲ್ಲ."

ಬೇರೆ ಹೆಂಗಸರೂ ಓ ಎಂದದ್ದನ್ನು ಹೇಳಿದೆ. ಎಷ್ಟು ಮಂದಿ ಎಂದು ಕೇಳಿದಳು, ಯಾವ ಯಾವ ಊರಿನವರೆಂದು ಕೇಳಿದಳು. ಅವರೆಲ್ಲರಿಗೂ ಒಳ್ಳೆಯದಾಗಲೆಂದು ಸೆರಗಿನೊಳಗೇ ಕೈ ಮುಗಿದಳು.

ಗಾಡಿಯಲ್ಲಿ ಆಕೆಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಂಜು ಇನ್ನೂ ಪೂರಾ ಎದ್ದಿರಲಿಲ್ಲ, ಠಾಣೆಯ ದೀಪಗಳು ಹಗಲಾದದ್ದು ತಿಳಿಯದೆ ಉರಿಯುತ್ತಿದ್ದವು. ಟೊಪ್ಪಿಗೆಯ ಇಬ್ಬರು ಪೊಲೀಸರು ಆಕಳಿಸುತ್ತ ಓಡಾಡುತ್ತಿದ್ದರು. ನಾನು ತೂಕಡಿಸುವುದರಲ್ಲಿದ್ದೆ. ಆಗ ನೀಲವ್ವ ಕಂಡಳು. ನಮ್ಮ ಕಿಟಕಿಯಿಂದ ನಾಲ್ಕು ಮಾರು ದೂರ, ಬೆನ್ನು ತಿರುಗಿಸಿ, ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದಳು. ಮಡಚಿದ ಹಾಳೆ ಕೈಯಲ್ಲಿತ್ತು. ತಾಯಿಯ ಆಣೆ ಅವಳಿಗೆ ಗೊತ್ತಿತ್ತು, ತಾನೂ ಅದನ್ನು ಕಾಯಲು ಬಂದಿದ್ದಳು.

ಗಂಗವ್ವಕ್ಕನ ಕಿವಿಯ ಹತ್ತಿರ ಬಗ್ಗಿದೆ.

"ಅಕ್ಕಾರ, ಹೊರಗ ನಿಂತಾಳ. ಬೆನ್ನ ತಿರಿವ್ಯಾಳ."

ಸೆರಗಿನೊಳಗೆ ಉಸಿರು ನಿಂತದ್ದು ನನಗೆ ಕೇಳಿಸಿತು. ಗಾಡಿ ಸೀಟಿ ಹಾಕಿತು. ಗಂಗವ್ವಕ್ಕ ಸೆರಗು ತೆಗೆಯಲಿಲ್ಲ. ಕಿಟಕಿಯ ಸರಳಿಗೆ ಹಣೆ ಹಚ್ಚಿ, ಅರಿಷಿಣ ಕುಟ್ಟುವ ಮನೆಯಲ್ಲಿ ಹಾಡುವಷ್ಟೇ ದೊಡ್ಡ ದನಿಯಲ್ಲಿ ಹಾಡಿದಳು. ಪೊಲೀಸರು ತಿರುಗಿ ನೋಡಿದರು. ನೋಡಿದರೆ ನೋಡಲಿ ಎಂದು ನಾನು ಜೀವನದಲ್ಲಿ ಮೊದಲ ಸಲ ಅಂದುಕೊಂಡೆ.

"ಎಲ್ಲಿದ್ದಿ ನನ್ನ ನೀಲವ್ವಾ."

ಬೆನ್ನು ತಿರುಗಿಸಿ ನಿಂತವಳು ಅಲುಗಲಿಲ್ಲ.

"ಓ," ಎಂದಳು.

ಗಾಡಿ ಹೊರಟಿತು. ಗಂಗವ್ವಕ್ಕ ಸರಳು ಹಿಡಿದುಕೊಂಡು, ಸೆರಗಿನೊಳಗಿನಿಂದಲೇ ಮುಂದಿನ ಸಾಲಿಗೆ ಹೋದಳು.

"ನೀ ಇದ್ದಲ್ಲೆ ಇರು ಕೂಸ, ನಾ ಬರ್ತೇನಿ."